ಒಂದು ಚಮಚ, ಮಟ್ಟಸವಾಗಿ

ಅತ್ತೆಯನ್ನು ಮಣ್ಣು ಮಾಡಿ ಬಂದ ಮೂರನೇ ದಿನ ಔಷಧ ಇಲಾಖೆಯ ಅಧಿಕಾರಿ ಅಂಗಡಿಗೆ ಬಂದರು. ಒಳಕೋಣೆಯ ಮೇಜು ನೋಡಿದರು, ಜಾಡಿ ನೋಡಿದರು, ಅತ್ತೆಗೆ ಕಟ್ಟಿ ಉಳಿದಿದ್ದ ಐದು ಪೊಟ್ಟಣ ಬಿಚ್ಚಿ ತೂಗಿಸಿದರು. ಎಲ್ಲದರಲ್ಲೂ ಕಾಲು ಗ್ರಾಂ ಇರಬೇಕಾದ ಕಡೆ ನಾನೂರು ಮಿಲಿಗ್ರಾಂ ದಾಟಿತ್ತು. ಹೃದಯದ ಬಡಿತವನ್ನು ಹದದಲ್ಲಿಡುವ ಪುಡಿ ಅದು. ಹತ್ತು ದಿನ ಅಷ್ಟು ಹೆಚ್ಚಿಗೆ ಹೋದರೆ ಹೃದಯವೇ ನಿಲ್ಲುತ್ತದೆ. ನಿಂತಿತ್ತು.

ಇದನ್ನು ಕಟ್ಟಿದ್ದು ಯಾರು ಎಂದು ಅಧಿಕಾರಿ ಕೇಳಿದರು. ಆ ಪ್ರಶ್ನೆಗೇ ಕಾದು ಕೂತಿದ್ದವರ ಹಾಗೆ ಅಪ್ಪ, ನಾನೇ ಅಂದರು. ತಕ್ಕಡಿಯಲ್ಲಿ ಇನ್ನೂರು ಮಿಲಿಗ್ರಾಂ ತೂಕದ ಬಿಲ್ಲೆಯ ಪಕ್ಕ ಐವತ್ತರದ್ದು ಇಡಬೇಕಿತ್ತು, ಇನ್ನೊಂದು ಇನ್ನೂರರದ್ದೇ ಇಟ್ಟಿದ್ದೇನೆ, ಕೈ ನಡುಗುತ್ತದೆ, ಕಣ್ಣೂ ಮಂಜು, ಅಂದರು. ಅಧಿಕಾರಿ ಬರೆದುಕೊಂಡರು. ಅಪ್ಪ ಸಹಿ ಹಾಕಿದರು. ಸಹಿಯೂ ನಡುಗಿತ್ತು. ನಲವತ್ತೈದು ವರ್ಷದ ಪರವಾನಗಿ ಗೋಡೆಯಿಂದ ಇಳಿಯಿತು, ಅದರ ಜಾಗದಲ್ಲಿ ಸುಣ್ಣದ ಚೌಕವೊಂದು ಬೆಳ್ಳಗೆ ಉಳಿಯಿತು.

ಮಗಳು ಬಾಗಿಲ ಹತ್ತಿರ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಮೂವತ್ತಾರು ವರ್ಷ. ಮನೆಯಲ್ಲಿ ಅವಳ ಹೆಸರು ಸಾಸಿವೆ. ಅತ್ತೆ ಇಟ್ಟ ಹೆಸರು ಅದು. ನೋಡೋಕೆ ಇಷ್ಟೇ ಇದ್ದಾಳೆ, ಸ್ವಲ್ಪ ಬಿಸಿ ತಾಗಿದರೆ ಸಾಕು, ಚಟಪಟ ಸಿಡಿಯುತ್ತಾಳೆ ಅಂತ. ಹೆತ್ತ ತಾಯಿ ಹೋದಾಗ ಸಾಸಿವೆಗೆ ಎಂಟು ತಿಂಗಳು. ಆಗ ಅಪ್ಪನ ಅಕ್ಕ, ಅಂದರೆ ಈ ಅತ್ತೆ, ಒಂದು ಚೀಲ ಹಿಡಿದು ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವರು, ಮೂವತ್ತೈದು ವರ್ಷ ಇದ್ದರು. ಆ ಚೀಲ ಇನ್ನೂ ಅಟ್ಟದ ಮೇಲಿತ್ತು. ನಾಳೆ ಹೊರಟೆ ಅಂತ ಅತ್ತೆ ವರ್ಷಕ್ಕೆರಡು ಸಲ ಅದನ್ನು ತೋರಿಸಿ ಹೆದರಿಸುತ್ತಿದ್ದರು. ಈಗ ಚೀಲ ಇಲ್ಲೇ ಬಿಟ್ಟು ಹೋಗಿದ್ದರು.

ಅಧಿಕಾರಿ ಮೆಟ್ಟಿಲಿಳಿದದ್ದೇ ತಡ, ಸಾಸಿವೆ ಸಿಡಿದಳು.

"ನಾನು ಮಾಡ್ಕೊಟ್ಟ ಚಮಚ ಇತ್ತಲ್ಲ ಅಪ್ಪಾ. ಅದನ್ನ ಮುಟ್ಟಿದ್ರೆ ನಿಮ್ಮ ಮರ್ಯಾದೆ ಹೋಗ್ತಿತ್ತಾ? ನಿಮ್ಮ ಜಂಬ ಅತ್ತೆನ ತಿಂದು ಹಾಕ್ತು."

ಅಪ್ಪ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಅವತ್ತಿನಿಂದ ಆ ಮನೆಯಲ್ಲಿ ಅಪ್ಪ ಮಗಳ ಮಾತು ನಿಂತುಹೋಯಿತು.

ಚಮಚದ ಕಥೆ ಹೇಳದೆ ಮುಂದೆ ಹೋದರೆ ನಿಮಗೆ ಏನೂ ತಿಳಿಯುವುದಿಲ್ಲ.

ಅಪ್ಪನಿಗೆ ಬೀದಿಯಲ್ಲಿ ಗುಲಗಂಜಿ ಎಂದು ಹೆಸರು. ಗುಲಗಂಜಿಯಷ್ಟು ಹೆಚ್ಚುಕಮ್ಮಿಯಾದರೂ ಇಡೀ ಪೊಟ್ಟಣ ಚೆಲ್ಲಿ ಮೊದಲಿನಿಂದ ಶುರು ಮಾಡುವ ಮನುಷ್ಯನಿಗೆ ಜನ ಇನ್ನೇನು ಹೆಸರಿಡುತ್ತಾರೆ? ಕಂಪನಿ ಮಾತ್ರೆಗಳು ಬಂದ ಮೇಲೂ, ಮಾತ್ರೆ ನುಂಗಲಾಗದ ಮುದುಕರಿಗೆ, ಎಳೆ ಮಕ್ಕಳಿಗೆ ವೈದ್ಯರು ಚೀಟಿ ಬರೆದು ಗುಲಗಂಜಿಯ ಹತ್ತಿರವೇ ಕಳಿಸುತ್ತಿದ್ದರು. ಒಳಕೋಣೆಯ ಬಾಗಿಲು ಹಾಕಿಕೊಂಡು, ಫ್ಯಾನು ಆರಿಸಿ, ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿಯಲ್ಲಿ ತೂಗಿ, ಕಾಗದದ ಪೊಟ್ಟಣ ಮಡಿಸುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಬಾಗಿಲು ತಟ್ಟಿದರೆ ಮುಗಿಯಿತು, ಅವರ ಜನ್ಮ ಜಾಲಾಡಿಬಿಡುತ್ತಿದ್ದರು.

ಸಾಸಿವೆಗೆ ಏಳು ವರ್ಷವಾಗಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಅಪ್ಪ ಅವಳನ್ನು ಆ ಮೇಜಿನ ಮುಂದೆ ಕೂರಿಸಿಕೊಂಡಿದ್ದರು. ಮೊದಲು ಒಂದು ಮರದ ತುಂಡು ಕೊಟ್ಟು, ಇದು ಎಷ್ಟು ಜಾಗ ಹಿಡಿಯುತ್ತೆ ಹೇಳು ಅಂದರು. ಅಡಿಪಟ್ಟಿ ಇಟ್ಟು ಉದ್ದ, ಅಗಲ, ಎತ್ತರ ಅಳೆದು ಗುಣಿಸಿದಳು. ಆಮೇಲೆ ಬೀದಿಯಿಂದ ಆರಿಸಿ ತಂದ ಅಂಕುಡೊಂಕು ಕಲ್ಲು. ಅಡಿಪಟ್ಟಿ ಎಲ್ಲಿಡುವುದೆಂದು ತಿಳಿಯದೆ ಅವಳು ಅಳುಮುಖ ಮಾಡಿದಾಗ, ಗೆರೆ ಹಾಕಿದ ಗಾಜಿನ ಉದ್ದ ಲೋಟದಲ್ಲಿ ನೀರು ತುಂಬಿ ಕಲ್ಲನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು. ನೀರು ಮೇಲೇರಿತು. ಎಷ್ಟು ಏರಿತೋ ಅಷ್ಟು ಕಲ್ಲು, ಅಂದರು. ಖುಷಿಯಲ್ಲಿ ಸಾಸಿವೆ ಒಂದು ಹಿಡಿ ಉಪ್ಪನ್ನೂ ಹಾಕಿಬಿಟ್ಟಳು. ಉಪ್ಪು ಕರಗಿ ಮಾಯವಾಯಿತು. ಅಪ್ಪ ನಕ್ಕಿದ್ದರು, ಬೈಯಲಿಲ್ಲ.

"ನೋಡು, ಪುಡಿ ಅನ್ನೋದು ಮಹಾ ಸುಳ್ಳ. ಉದುರಾಗಿ ತುಂಬಿದ್ರೆ ಒಂದು ಹೇಳುತ್ತೆ, ಕುಟ್ಟಿ ತುಂಬಿದ್ರೆ ಇನ್ನೊಂದು. ಕಣ್ಣಿಗೆ ಕಾಣೋದ್ರಲ್ಲಿ ಅರ್ಧ ಗಾಳಿ. ಪುಡಿನ ಅಳೀಬಾರದು, ತೂಗಬೇಕು."

ಅಂಥ ಅಪ್ಪನ ಕೈ ಮೂರು ವರ್ಷದ ಹಿಂದೆ ನಡುಗಲು ಶುರುವಾಯಿತು. ಮೊದಮೊದಲು ಸಹಿ ಹಾಕುವಾಗ, ಆಮೇಲೆ ಗುಂಡಿ ಹಾಕಿಕೊಳ್ಳುವಾಗ. ಅತ್ತೆ ಏನೂ ಗೊತ್ತಿಲ್ಲದವರ ಹಾಗೆ ತಮ್ಮನಿಗೆ ಚಹಾವನ್ನು ಅರ್ಧ ಲೋಟ ಮಾತ್ರ ಕೊಡತೊಡಗಿದರು. ಅದು ಮುಗಿದ ಮೇಲೆ, ಅಯ್ಯೋ ಇನ್ನೊಂದು ಚೂರು ಉಳಿದುಬಿಡ್ತು ಅಂತ ಇನ್ನರ್ಧ ಹಾಕುತ್ತಿದ್ದರು. ಅಪ್ಪನ ಮಾನ ಉಳಿಯಿತು, ಅಂಗಿಯೂ ಉಳಿಯಿತು.

ಆದರೆ ತಕ್ಕಡಿಗೆ ಅತ್ತೆಯ ಉಪಾಯ ನಡೆಯುತ್ತದೆಯೇ? ಹದಿನಾಲ್ಕು ಪೊಟ್ಟಣಕ್ಕೆ ಅರ್ಧ ಗಂಟೆ ಸಾಕಾಗಿದ್ದ ಮನುಷ್ಯನಿಗೆ ಇಡೀ ಬೆಳಗು ಹಿಡಿಯತೊಡಗಿತು. ಬಾಗಿಲ ಸಂದಿಯಿಂದ ಸಾಸಿವೆ ಒಮ್ಮೆ ನೋಡಿದ್ದಳು. ತಟ್ಟೆಗೆ ಪುಡಿ ಉದುರಿಸಲು ಹೋಗಿ ಮೇಜಿನ ತುಂಬ ಚೆಲ್ಲಿಕೊಂಡು, ಅಪ್ಪ ಬಲಗೈಯನ್ನು ಎಡಗೈಯಿಂದ ಹಿಡಿದು ಅದುಮಿಕೊಂಡು ಕೂತಿದ್ದರು. ನಾನು ತೂಗುತ್ತೇನೆ ಬಿಡಿ ಎಂದರೆ, ಬೋರ್ಡಿನ ಮೇಲೆ ಇರುವುದು ನನ್ನ ಹೆಸರು ಅಂತ ರೇಗಿದರು. ಒಂದೊಂದೇ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುತ್ತಾ ಬಂದರು. ಕೊನೆಗೆ ಉಳಿದದ್ದು ಅತ್ತೆಯ ಪೊಟ್ಟಣ ಒಂದೇ. ಅತ್ತೆಗೆ ಗಂಟಲಲ್ಲಿ ಮಾತ್ರೆ ಇಳಿಯುತ್ತಿರಲಿಲ್ಲ, ಹೊರಗಿನವರ ಕೈಯ ಪೊಟ್ಟಣ ಅವರು ಮುಟ್ಟುತ್ತಲೂ ಇರಲಿಲ್ಲ. ನನ್ನ ತಮ್ಮ ಕೊಟ್ಟರೆ ವಿಷ ಆದ್ರೂ ಕುಡಿತೀನಿ ಅಂತ ನಗುತ್ತಿದ್ದರು. ಈ ಮಾತನ್ನು ಆಮೇಲೆ ಆ ಮನೆಯಲ್ಲಿ ಯಾರೂ ನೆನೆಯಲಿಲ್ಲ ಎಂದುಕೊಂಡಿರಾ?

ಆಗ ಸಾಸಿವೆಗೆ ಒಂದು ಉಪಾಯ ಹೊಳೆಯಿತು. ತನ್ನ ಶಾಲೆಯ ದಿನಗಳ ಪೆನ್ನಿನ ಹಿತ್ತಾಳೆ ಮುಚ್ಚಳ ತೆಗೆದುಕೊಂಡು, ಅದಕ್ಕೊಂದು ತಂತಿಯ ಹಿಡಿ ಕಟ್ಟಿದಳು. ಅಪ್ಪ ಮನೆಯಲ್ಲಿಲ್ಲದ ಹೊತ್ತು ನೋಡಿ, ಮುಚ್ಚಳದ ತುಂಬ ಆ ಪುಡಿ ತುಂಬಿ, ಮೇಲೆ ಪಟ್ಟಿಯಿಂದ ಸವರಿ ಮಟ್ಟಸ ಮಾಡಿ, ಅಪ್ಪನ ತಕ್ಕಡಿಯಲ್ಲೇ ತೂಗಿದಳು. ಹೆಚ್ಚಾಯಿತು. ಮುಚ್ಚಳದ ಬಾಯನ್ನು ಅರದಿಂದ ಸ್ವಲ್ಪ ಉಜ್ಜಿದಳು. ಮತ್ತೆ ತುಂಬಿದಳು, ಮತ್ತೆ ತೂಗಿದಳು. ಹೀಗೆ ಮೂರು ಭಾನುವಾರ ಉಜ್ಜಿ ಉಜ್ಜಿ, ಇಪ್ಪತ್ತು ಸಲ ತೂಗಿದರೆ ಇಪ್ಪತ್ತು ಸಲವೂ ಕಾಲು ಗ್ರಾಂ ಬರುವಂತೆ ಮಾಡಿದಳು. ಅಪ್ಪನ ಕೈಗಿಟ್ಟು, ತಕ್ಕಡಿ ಬಿಡಿ, ಒಂದು ಚಮಚ ಮಟ್ಟಸವಾಗಿ ತೆಗೆದು ಪೊಟ್ಟಣಕ್ಕೆ ಹಾಕಿ, ಅಷ್ಟೇ, ಅಂದಳು.

ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನೋಡೋಣ ಅಂದು ಜೇಬಿಗೆ ಹಾಕಿಕೊಂಡರು. ಒಳಕೋಣೆಯ ಬಾಗಿಲು ಮತ್ತೆ ಮುಚ್ಚಿತು. ಆಮೇಲೆ ಪೊಟ್ಟಣಗಳು ಬೇಗ ಬೇಗ ಹೊರಗೆ ಬರತೊಡಗಿದ್ದು ನಿಜ. ಆದರೆ ತಕ್ಕಡಿಯ ಗಾಜಿನ ಪೆಟ್ಟಿಗೆ ದಿನಾ ಒರೆಸಿದ ಹಾಗೆ ಹೊಳೆಯುತ್ತಿತ್ತು, ಬಿಲ್ಲೆಗಳು ಮೇಜಿನ ಮೇಲೆ ಸಾಲಾಗಿರುತ್ತಿದ್ದವು. ಅಪ್ಪನಿಗೆ ನರದ ಔಷಧ ಹಿಡಿದಿರಬೇಕು, ಕೈ ಸ್ವಲ್ಪ ಸುಧಾರಿಸಿರಬೇಕು ಅಂತ ಸಾಸಿವೆ ಅಂದುಕೊಂಡಳು. ನನ್ನ ಚಮಚ ಎಲ್ಲೋ ಮೂಲೆ ಸೇರಿದೆ ಅಂತ ಸ್ವಲ್ಪ ಮುನಿಸು ಇತ್ತು, ಕೇಳಲು ಹೋಗಲಿಲ್ಲ. ಹಾಗೆ ಎರಡು ವರ್ಷ ಕಳೆಯಿತು.

ಈಗ ಮತ್ತೆ ಆ ಮಾತಿಲ್ಲದ ಮನೆಗೆ ಬರೋಣ. ಸಾಸಿವೆ ಅಡುಗೆ ಮಾಡಿ ಇಡುತ್ತಿದ್ದಳು, ಅಪ್ಪ ಉಣ್ಣುತ್ತಿದ್ದರು. ಬೆಳಿಗ್ಗೆ ಲೋಟದ ಅಂಚಿನವರೆಗೆ ಚಹಾ ತುಂಬಿ, ಟಣ್ ಎಂದು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು. ಅಷ್ಟು ತುಂಬಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತುಂಬುತ್ತಿದ್ದಳು. ಅಪ್ಪ ಎತ್ತುವಾಗ ಕೈ ಮೇಲೆ, ಎದೆ ಮೇಲೆ ಬಿಸಿ ಚಹಾ ಚೆಲ್ಲುತ್ತಿತ್ತು. ಅವರು ಕರವಸ್ತ್ರದಿಂದ ಒರೆಸಿಕೊಂಡು, ಉಳಿದಷ್ಟನ್ನು ಕುಡಿಯುತ್ತಿದ್ದರು. ಒಂದು ದಿನವೂ ಕಡಿಮೆ ಹಾಕು ಅನ್ನಲಿಲ್ಲ. ಬೀದಿಯಲ್ಲಿ ಅವರನ್ನು ಕಂಡ ಹಳೆಯ ಗಿರಾಕಿಗಳು ಆಚೆ ಬದಿಗೆ ದಾಟುತ್ತಿದ್ದರು. ಕ್ಷೌರದಂಗಡಿಯವನು, ಗುಲಗಂಜಿ ಅಂತಿದ್ವಿ, ಒಡಹುಟ್ಟಿದವಳಿಗೇ ಹಿಡಿ ಹಿಡಿ ಕೊಟ್ಟಿದಾನೆ ಅಂದದ್ದು ಸಾಸಿವೆಯ ಕಿವಿಗೂ ಬಿತ್ತು. ಅವಳು ಅಪ್ಪನ ಪರವಾಗಿ ಒಂದು ಮಾತೂ ಆಡದೆ ಮುಂದೆ ನಡೆದಳು. 

ಒಂದು ತಿಂಗಳಾಗಿತ್ತು. ಅಂಗಡಿ ಖಾಲಿ ಮಾಡಬೇಕಿತ್ತು. ಶಾಲೆಯ ವಿಜ್ಞಾನದ ಮೇಷ್ಟ್ರು, ತಕ್ಕಡಿಯನ್ನು ಮಕ್ಕಳ ಪ್ರಯೋಗಕ್ಕೆ ಕೊಡುತ್ತೀರಾ ಎಂದು ಕೇಳಿ ಕಳಿಸಿದ್ದರು. ಅಪ್ಪ ತಲೆಯಾಡಿಸಿದ್ದರು. ಸಾಸಿವೆ ಗಾಜಿನ ಪೆಟ್ಟಿಗೆ ಒರೆಸಿ, ಅದರ ಕೆಳಗಿನ ಸಣ್ಣ ಖಾನೆಯಿಂದ ಬಿಲ್ಲೆಗಳನ್ನು ತೆಗೆಯಲು ಹೋದಳು. ಖಾನೆ ಅರ್ಧಕ್ಕೇ ಸಿಕ್ಕಿಕೊಂಡಿತು. ಬೆರಳು ತೂರಿಸಿ ಎಳೆದರೆ, ಹಿಂದೆ ಕಾಗದ ಸುತ್ತಿದ ಒಂದು ಸಣ್ಣ ವಸ್ತು. ಬಿಚ್ಚಿದಳು. ಅವಳ ಪೆನ್ನಿನ ಮುಚ್ಚಳ.

ಹಿತ್ತಾಳೆಯ ಬಾಯಿ ಸವೆದು ನುಣುಪಾಗಿತ್ತು. ತಂತಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದರು, ನಡುಗುವ ಬೆರಳಿಗೆ ಸಿಗಲಿ ಅಂತ. ಒಳಗೆ ಬಿಳಿಯ ಪುಡಿ ಅಂಟಿತ್ತು. ದಿನವೂ ಕೈಯಾಡಿದ ವಸ್ತು ಅದು, ನೋಡಿದರೇ ತಿಳಿಯುತ್ತಿತ್ತು.

ಸುತ್ತಿದ್ದ ಕಾಗದದ ಮೇಲೆ ಅಪ್ಪನ ವಕ್ರ ವಕ್ರ ಅಕ್ಷರ. ಮೊದಲನೇ ಡಬ್ಬಿ, ತಾರೀಖು, ಮಟ್ಟಸ ಒಂದು ಚಮಚ, ಇನ್ನೂರೈವತ್ತು ಮಿಲಿಗ್ರಾಂ. ಎರಡನೇ ಡಬ್ಬಿ, ತಾರೀಖು, ಇನ್ನೂರ ನಲವತ್ತೆಂಟು. ಮೂರನೇ ಡಬ್ಬಿ, ಇನ್ನೂರೈವತ್ತೆರಡು. ಹೊಸ ಡಬ್ಬಿ ಒಡೆದಾಗಲೆಲ್ಲ ಅಪ್ಪ ಆ ನಡುಗುವ ಕೈಯಲ್ಲೇ ಒಂದು ಚಮಚವನ್ನು ತಕ್ಕಡಿಯಲ್ಲಿ ತೂಗಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡೇ ಮುಂದುವರಿದಿದ್ದರು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಸಾಲಿತ್ತು. ಅದರ ತಾರೀಖು ಅತ್ತೆಯನ್ನು ಮಣ್ಣು ಮಾಡಿ ಬಂದ ದಿನದ್ದು. ನಾಲ್ಕನೇ ಡಬ್ಬಿ. ಮಟ್ಟಸ ಒಂದು ಚಮಚ. ನಾನೂರ ಹತ್ತು.

ಸಾಸಿವೆ ಆ ಸಾಲನ್ನು ಮತ್ತೆ ಓದಿದಳು. ನಾಲ್ಕನೇ ಡಬ್ಬಿಯನ್ನು ಒಡೆದದ್ದು ಅವಳು.

ಮನೆಯ ಪದ್ಧತಿ ಏನೆಂದರೆ, ಹೊಸ ಡಬ್ಬಿ ಬಂದರೆ ಸೀಲು ಒಡೆಯದೆ ಅಪ್ಪನ ಮೇಜಿನ ಮೇಲಿಡಬೇಕು. ಆದರೆ ಆ ಡಬ್ಬಿಯ ಬಿಗಿ ಮುಚ್ಚಳ ಕೀಳಲು ಅಪ್ಪನ ಬೆರಳು ಪಡುವ ಪಾಡು ಅವಳಿಂದ ನೋಡಲಾಗುತ್ತಿರಲಿಲ್ಲ. ಅದು ಬಂದ ದಿನ ಅಪ್ಪ ಮಲಗಿದ್ದಾಗ, ತಾನೇ ಒಡೆದು ಕಂದು ಗಾಜಿನ ಜಾಡಿಗೆ ಸುರಿದಿಟ್ಟಳು. ಯಾವಾಗಲೂ ಕಂಠದವರೆಗೆ ಬರುತ್ತಿದ್ದ ಪುಡಿ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಂತಿತು. ಕಂಪನಿಯವರು ಟೋಪಿ ಹಾಕಿದರು ಅಂತ ಸಿಟ್ಟು ಬಂತು. ಜಾಡಿಯನ್ನು ಹೊರಗಿನ ದೊಡ್ಡ ತಕ್ಕಡಿಗಿಟ್ಟು, ಖಾಲಿ ಜಾಡಿಯ ತೂಕ ಕಳೆದು ನೋಡಿದಳು. ಸರಿಯಾಗಿ ನೂರು ಗ್ರಾಂ. ತೂಕ ಅಷ್ಟೇ, ಜಾಗ ಮಾತ್ರ ಕಮ್ಮಿ. ಅಂದರೆ ಈ ಸಲದ ಪುಡಿ ಒತ್ತಾದದ್ದು, ಅದೇ ಚಮಚಕ್ಕೆ ಹೆಚ್ಚು ಹಿಡಿಯುತ್ತದೆ. ಏಳು ವರ್ಷದವಳಾಗಿದ್ದಾಗ ಕಲಿತ ಪಾಠ ಕಣ್ಣೆದುರೇ ಇತ್ತು, ಅವತ್ತು ಅವಳಿಗೆ ಹೊಳೆಯಲಿಲ್ಲ. ತೂಕ ಸರಿ ಇದೆಯಲ್ಲ, ಸಾಕು, ಅಂತ ಜಾಡಿಯನ್ನು ಒಳಗಿಟ್ಟಳು.

ಅಪ್ಪನಿಗೆ ಹೇಳಲಿಲ್ಲ. ತಮಾಷೆಗೆಂದು ಹೇಳಿದ್ದು ಅತ್ತೆಗೆ. ಅತ್ತೆ ನಗುತ್ತಾ, ಅದೂ ನನ್ನ ಹಾಗೆ ಕೂತು ಕೂತು ಗಟ್ಟಿಯಾಗಿರಬೇಕು ಕಣೇ ಸಾಸಿವೆ ಅಂದಿದ್ದರು. ಅದಾಗಿ ಹತ್ತು ದಿನ ಅತ್ತೆ ಬದುಕಿದ್ದರು.

ಸಾಸಿವೆ ಕಾಗದ, ಚಮಚ ಎರಡನ್ನೂ ಹಿಡಿದುಕೊಂಡು ಆ ಖಾಲಿ ಕೋಣೆಯಿಂದ ಎದ್ದಳು. ಬಾಗಿಲು ತೆರೆದೇ ಇತ್ತು. ಮನೆಗೆ ಬಂದಾಗ ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಅಂಗಿಯ ಗುಂಡಿಯೊಂದರ ಜೊತೆ ಗುದ್ದಾಡುತ್ತಿದ್ದರು. ಅವಳು ಚಮಚವನ್ನು ಅವರ ಮುಂದೆ ಇಟ್ಟಳು. ಅಪ್ಪ ಅದನ್ನು ನೋಡಿದರು, ಮಗಳ ಮುಖ ನೋಡಿದರು. ಒಂದು ತಿಂಗಳ ಮೇಲೆ ಮೊದಲ ಸಲ ಅವಳ ಬಾಯಿಂದ ಮಾತು ಹೊರಟಿತು.

"ಡಬ್ಬಿ ಒಡೆದೋಳು ನಾನು ಅಪ್ಪಾ. ನಿಮಗೆ ಹೇಳಲಿಲ್ಲ."

"ಗೊತ್ತು. ನಾನು ಒಡೆದಿದ್ರೆ ಆ ಕಾಗದದಲ್ಲಿ ಬರೆದಿರ್ತಿದ್ದೆ."

"ಮತ್ತೆ ಬಿಲ್ಲೆ ತಪ್ಪಿಟ್ಟೆ ಅಂತ ಯಾಕೆ ಬರ್ಕೊಟ್ರಿ?"

ಅಪ್ಪ ಗುಂಡಿಯನ್ನು ಬಿಟ್ಟರು. ತಪ್ಪು ತನ್ನದೂ ಇದೆ ಎಂದರು. ಒಂದು ದಿನ ಇದ್ದಕ್ಕಿದ್ದ ಹಾಗೆ ಜಾಡಿಯಲ್ಲಿ ಹೊಸ ಪುಡಿ ಇದ್ದದ್ದು ಕಂಡಿತಂತೆ. ಇದನ್ನು ನಾನು ಯಾವಾಗ ತುಂಬಿಸಿದೆ, ಒಂದು ಚಮಚ ತೂಗಿ ನೋಡಿದೆನೋ ಇಲ್ಲವೋ, ಅಂತ ಅನುಮಾನವೂ ಬಂತಂತೆ. ಈಚೆಗೆ ಕನ್ನಡಕ ಎಲ್ಲಿಟ್ಟೆ, ಬಾಗಿಲು ಹಾಕಿದೆನೋ ಇಲ್ಲವೋ ಎಂಬುದೂ ಮರೆಯುತ್ತಿತ್ತಲ್ಲ. ಕೇಳಿದರೆ ಇನ್ನು ತಲೆಯೂ ಹೋಯಿತು ಅಂತ ಅಂಗಡಿ ಬಿಡಿಸುತ್ತಾರೆ ಎಂದು ಹೆದರಿ, ಕಾಗದವನ್ನೂ ತೆಗೆದು ನೋಡದೆ, ತೂಗಿರುತ್ತೇನೆ ಬಿಡು ಅಂದುಕೊಂಡರಂತೆ. ಇಷ್ಟನ್ನೂ ಅವರು ಬೇರೆ ಯಾರದೋ ವಿಷಯ ಹೇಳುವ ಹಾಗೆ ಮೆಲ್ಲಗೆ ಹೇಳಿದರು.

"ಪುಡಿನ ಅಳೀಬಾರದು ಅಂತ ನೀವೇ ಹೇಳ್ಕೊಟ್ಟಿದ್ದು. ಗೊತ್ತಿದ್ದೂ ಈ ಚಮಚ ಯಾಕೆ ಮುಟ್ಟಿದ್ರಿ?"

"ನೀನು ಮಾಡ್ಕೊಟ್ಟಿದ್ದೆಯಲ್ಲ."

ಸಾಸಿವೆ ಅಲ್ಲೇ ನೆಲದ ಮೇಲೆ ಕೂತಳು. ನಾಳೆ ಬೆಳಿಗ್ಗೆ ಅಧಿಕಾರಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಬೀದಿಯವರಿಗೂ ಹೇಳುತ್ತೇನೆ, ಅಂದಳು. ಅಪ್ಪ ಬೇಡವೆಂದು ತಲೆಯಾಡಿಸಿದರು.

"ಅವತ್ತು ಚಮಚ ತೂಗಿ ನೋಡಿದ ಮೇಲೆ ಕೂತು ಲೆಕ್ಕ ಹಾಕಿದೆ ಸಾಸಿವೆ. ನಂಗೆ ಎಪ್ಪತ್ತೆರಡು, ನಿಂಗೆ ಮೂವತ್ತಾರು. ಇದನ್ನ ಹೊರೋಕೆ ನಂಗೆ ಸ್ವಲ್ಪ ದಿನ ಸಾಕು. ನೀನು ಹೊತ್ರೆ ತುಂಬಾ ವರ್ಷ ಹೊರಬೇಕು."

ನಲವತ್ತೈದು ವರ್ಷ ಎಲ್ಲವನ್ನೂ ತೂಗಿಯೇ ಕೊಟ್ಟ ಮನುಷ್ಯ, ಇದನ್ನೂ ತೂಗಿ, ಭಾರದ ಕಡೆಯದನ್ನು ತಾನಿಟ್ಟುಕೊಂಡಿದ್ದರು. ಲೆಕ್ಕ ಮಾತ್ರ ಈ ಸಲವೂ ತಪ್ಪಿತ್ತು. ಅವಳ ಪಾಲು ಅವಳಿಗೆ ಬಂದೇ ಬಂದಿತ್ತು, ಅದರ ಮೇಲೆ ತಿಂಗಳಿಡೀ ಅಪ್ಪನ ಎದೆಯ ಮೇಲೆ ಚೆಲ್ಲಿಸಿದ ಬಿಸಿ ಚಹಾವೂ ಸೇರಿತ್ತು. ಸಾಸಿವೆ ಅಪ್ಪನ ಮೊಣಕಾಲಿಗೆ ತಲೆ ಇಟ್ಟು ಅತ್ತಳು. ಅತ್ತೆ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ, ಸಿಟ್ಟು ಅಡ್ಡ ಬಂದಿತ್ತು. ಅಪ್ಪನ ಕೈ ಅವಳ ತಲೆಯ ಮೇಲೆ ನಡುಗುತ್ತಾ ಇತ್ತು.

ಬಹಳ ಹೊತ್ತಿನ ಮೇಲೆ ಎದ್ದು ಮುಖ ತೊಳೆದುಕೊಂಡು ಚಹಾ ಇಟ್ಟಳು. ನಾಳೆ ಹೋಗುವುದು ಹೋಗುವುದೇ ಎಂದು ಅವಳು ತೀರ್ಮಾನಿಸಿಯಾಗಿತ್ತು, ಅಪ್ಪನಿಗೆ ಮತ್ತೆ ಹೇಳಲಿಲ್ಲ. ಅವರ ಲೋಟಕ್ಕೆ ಅರ್ಧ ಮಾತ್ರ ಹಾಕಿದಳು. ಅಪ್ಪ ಎರಡೂ ಕೈಯಲ್ಲಿ ಎತ್ತಿ ಒಂದು ಹನಿ ಚೆಲ್ಲದೆ ಕುಡಿದು ಕೆಳಗಿಟ್ಟರು.

"ಇನ್ನೊಂದು ಚೂರು ಉಳಿದುಬಿಡ್ತು," ಎಂದು ಸಾಸಿವೆ ಇನ್ನರ್ಧ ಹಾಕಿದಳು.